ಅಲೆ ಜಾಸ್ತಿ ಇರುವ ನೀರಿಗೆ ಎಷ್ಟು ದೊಡ್ಡ ಪಾಂಟೂನ್ ಬೇಕು? 20, 22, 24 ಅಡಿ ನಡುವೆ ಸಿಕ್ಕಿಕೊಂಡಿದ್ದೇನೆ

ನೀರುಕೋಳಿ:
ಒಂದು ತಿಂಗಳಿಂದ ತಲೆ ಕೆಡಿಸಿಕೊಂಡು ಕೂತಿದ್ದೇನೆ, ಯಾರಾದರೂ ದಾರಿ ತೋರಿಸಿ. ಬೇಕಿರುವುದು ಪಾಂಟೂನ್, ಅಂದರೆ ಗಾಳಿ ತುಂಬಿದ ಲೋಹದ ಟ್ಯೂಬುಗಳ ಮೇಲೆ ಸಮತಟ್ಟಾದ ಡೆಕ್ಕು (ನೆಲ) ಕೂರಿಸಿದ ಬೋಟು. ನಾವು ಬೋಟು ಇಳಿಸುವ ಕೆರೆ ದೊಡ್ಡದು. ಉದ್ದ 9 ಕಿಲೋಮೀಟರ್, ಗಾಳಿ ತಡೆಯಲು ನಡುವೆ ಒಂದು ದಿಬ್ಬವೂ ಇಲ್ಲ. ಬೆಳಿಗ್ಗೆ ಕನ್ನಡಿ ಹಾಗೆ ಇರುತ್ತದೆ. ಮಧ್ಯಾಹ್ನ ಎರಡು ಗಂಟೆ ಆಗುತ್ತಿದ್ದಂತೆ ಗಾಳಿ ಎದ್ದು, ಆಚೆ ದಡಕ್ಕೆ ಹೋದವರು ವಾಪಸ್ ಬರುವಷ್ಟರಲ್ಲಿ ನೀರೆಲ್ಲಾ ಬಿಳಿ ನೊರೆ.

ನಾವು ಏಳು ಜನ. ಅದರಲ್ಲಿ ಇಬ್ಬರು ಮಕ್ಕಳು, ಅಪ್ಪನಿಗೆ ಮಂಡಿ ನೋವು. ಮೂರು ಬೋಟು ನೋಡಿಟ್ಟಿದ್ದೇನೆ. ಮೊದಲನೆಯದು 20 ಅಡಿ, ಎರಡು ಟ್ಯೂಬು, ಟ್ಯೂಬಿನ ದಪ್ಪ 23 ಇಂಚು. ಎರಡನೆಯದು 22 ಅಡಿ, ಎರಡು ಟ್ಯೂಬು, 25 ಇಂಚು. ಮೂರನೆಯದು 24 ಅಡಿಯ ಟ್ರೈಟೂನ್, ಮೂರೂ ಟ್ಯೂಬು 25 ಇಂಚು. ಉದ್ದ ಇದ್ದಷ್ಟೂ ಅಲೆಗೆ ಒಳ್ಳೆಯದು ಎಂದು ಮಾರುವವರು ಹೇಳುತ್ತಾರೆ. ನಿಜವಾ? 24 ಅಡಿಯದ್ದನ್ನು ಎಳೆದುಕೊಂಡು ಹೋಗೋದು, ಹಿಂದಕ್ಕೆ ತಿರುಗಿಸಿ ನೀರಿಗೆ ಇಳಿಸೋದು ನೆನೆಸಿಕೊಂಡರೇ ನನಗೆ ಭಯ.

ಅಲೆಮಾರಿ:
24 ಅಡಿ ಟ್ರೈಟೂನ್. ಮುಗೀತು. ಮುಂದಿನ ಪ್ರಶ್ನೆ?

ಎರಡೇ ಸಾಕು:
ಬಂತಪ್ಪ ಟ್ರೈಟೂನ್ ಭಜನೆ. ನಾನು ಎಂಟು ವರ್ಷದಿಂದ ಎರಡು ಟ್ಯೂಬಿನ 22 ಅಡಿಯದ್ದನ್ನೇ ಓಡಿಸುತ್ತಿದ್ದೇನೆ. ಗಾಳಿ ದಿನವೂ ಓಡಿಸಿದ್ದೇನೆ, ಇನ್ನೂ ಬದುಕಿದ್ದೇನೆ. ಓಡಿಸುವವನಿಗೆ ಬರಬೇಕು ಅಷ್ಟೇ. ಮೂರನೇ ಟ್ಯೂಬು ಅಂದರೆ ಬೋಟಿನ ತೂಕ ಜಾಸ್ತಿ, ದೊಡ್ಡ ಮೋಟಾರು, ಪೆಟ್ರೋಲು ಜಾಸ್ತಿ. ಸುಮ್ನೆ ಹೆದರಿಸಬೇಡಿ.

ಹಳೇ ಹುಟ್ಟು:
ಇಬ್ಬರೂ ಸ್ವಲ್ಪ ತಡೆಯಿರಿ. ನೀರುಕೋಳಿ ಅವರೇ, ನನ್ನ ಕಥೆ ಹೇಳುತ್ತೇನೆ. ಆಮೇಲೆ ನೀವೇ ಯೋಚಿಸಿ.

ನನ್ನ ಮೊದಲ ಪಾಂಟೂನ್ ನೀವು ಹೇಳಿದ ಮೊದಲನೆಯದರ ಹಾಗೇ ಇತ್ತು. 20 ಅಡಿ, 23 ಇಂಚು. ಒಂದು ಸಂಜೆ ಆರು ಜನ ವಾಪಸ್ ಬರುತ್ತಿದ್ದೆವು. ಎಲ್ಲರಿಗೂ ಮುಂದಿನ ಸೋಫಾನೇ ಬೇಕು, ಗಾಳಿ ಚೆನ್ನಾಗಿ ಬರುತ್ತದೆ ಅಂತ. ನಾಲ್ಕು ಜನ ಅಲ್ಲೇ ಕೂತಿದ್ದರು. ಅಲೆ ಇತ್ತು, ಆದರೆ ಹೆದರುವಷ್ಟೇನೂ ಅಲ್ಲ. ಎದುರಿನಿಂದ ಒಂದು ದೊಡ್ಡ ಬೋಟು ಹಾದು ಹೋಯಿತು. ಅದು ಎಬ್ಬಿಸಿದ ಅಲೆ ನೋಡಿ ನಾನು ಗಾಬರಿಯಲ್ಲಿ ಥ್ರಾಟಲ್ (ವೇಗದ ಹಿಡಿ) ಪೂರ್ತಿ ಹಿಂದಕ್ಕೆ ಎಳೆದುಬಿಟ್ಟೆ.

ಅದೇ ತಪ್ಪು. ವೇಗ ಇಳಿದ ತಕ್ಷಣ ಮೂತಿ ಕೆಳಗೆ ಕೂತಿತು. ನಮ್ಮದೇ ಹಿಂದಿನ ಅಲೆ ಬಂದು ಹಿಂಭಾಗವನ್ನು ಎತ್ತಿತು. ಎದುರಿನ ಅಲೆ ಡೆಕ್ಕಿನ ಮೇಲಿಂದಲೇ ಒಳಗೆ ಬಂತು. ಬರೀ ನೀರು ಎರಚಿದ್ದಲ್ಲ, ಹಸಿರು ನೀರು, ಗೋಡೆ ಹಾಗೆ. ಮುಂದಿನ ಗೇಟು ಒಳಕ್ಕೆ ಬಾಗಿತು. ಮೊಣಕಾಲು ಮಟ್ಟದ ನೀರಿನಲ್ಲಿ ಸೋಫಾದ ದಿಂಬುಗಳು ನನ್ನ ಕಡೆ ತೇಲಿಕೊಂಡು ಬಂದವು. ನನ್ನ ಚಪ್ಪಲಿ ಆವತ್ತು ಹೋದದ್ದು ಹೋಯಿತು.

ಮುಳುಗಲಿಲ್ಲ. ಟ್ಯೂಬುಗಳು ಎಲ್ಲಾ ಕಡೆ ಮುಚ್ಚಿರುತ್ತವೆ, ಒಳಗೆ ಬೇರೆ ಬೇರೆ ಕೋಣೆ ಇರುತ್ತವೆ. ಡೆಕ್ಕಿನ ನೀರು ಅಂಚಿನಿಂದ ಹರಿದು ಹೋಯಿತು. ಎಲ್ಲರನ್ನೂ ಹಿಂದೆ ಕರೆದು, ನಿಧಾನಕ್ಕೆ ಥ್ರಾಟಲ್ ಕೊಟ್ಟೆ. ಮೂತಿ ಎದ್ದಿತು. ಆದರೆ ಆ ಹತ್ತು ಸೆಕೆಂಡು ಇವತ್ತಿಗೂ ನೆನಪಿದೆ.

ಇಲ್ಲಿ ಎರಡು ಅಡಿ ಉದ್ದ ಜಾಸ್ತಿ ಇದ್ದಿದ್ದರೆ ನಾನು ಬಚಾವಾಗುತ್ತಿದ್ದೆನಾ? ಗೊತ್ತಿಲ್ಲ. ಟ್ಯೂಬಿನ ಮೂತಿಯಲ್ಲಿ ತೇಲುವ ಶಕ್ತಿ ಉಳಿದಿದ್ದರೆ ಖಂಡಿತ ಆಗುತ್ತಿದ್ದೆ. ಉದ್ದ ಆಮೇಲೆ ಕೇಳಿ, ಮೊದಲು ಟ್ಯೂಬು ಎಷ್ಟು ದಪ್ಪ ಅಂತ ಕೇಳಿ.

ನೀರುಕೋಳಿ:
ಓದಿ ಕೈ ತಣ್ಣಗಾಯಿತು. ಆದರೆ 23 ಮತ್ತು 25, ಬರೀ ಎರಡು ಇಂಚು ಅಲ್ವಾ? ಅದರಿಂದ ಅಷ್ಟು ವ್ಯತ್ಯಾಸ ಬರುತ್ತದಾ?

ಬಕೆಟ್ ವಿಜ್ಞಾನಿ:
ಬರುತ್ತದೆ. ಟ್ಯೂಬು ದುಂಡಗೆ ಇರುವುದರಿಂದ ದಪ್ಪದ ವರ್ಗ ಲೆಕ್ಕಕ್ಕೆ ಬರುತ್ತದೆ. 25ರ ವರ್ಗವನ್ನು 23ರ ವರ್ಗದಿಂದ ಭಾಗಿಸಿ. ಅಷ್ಟೇ ಉದ್ದದ ಟ್ಯೂಬಿಗೆ ಸುಮಾರು 18 ಶೇಕಡಾ ಜಾಸ್ತಿ ತೇಲುವ ಶಕ್ತಿ.

ಇನ್ನೊಂದು ವಿಷಯ, ನನಗೆ ಇದೇ ಮುಖ್ಯ ಅನ್ನಿಸುವುದು. ಮನೆಯಲ್ಲೇ ಮಾಡಿ ನೋಡಿ. ಮುಚ್ಚಳ ಗಟ್ಟಿಯಾಗಿ ಹಾಕಿದ ಒಂದು ದುಂಡನೆಯ ಡಬ್ಬಿ ತಗೊಳಿ. ಅಡ್ಡ ಮಲಗಿಸಿ ಬಕೆಟ್ ನೀರಿನಲ್ಲಿ ಬೆರಳಿನಿಂದ ಒತ್ತಿ. ಮೊದಲು ಒತ್ತಿದ ಹಾಗೆಲ್ಲಾ ಡಬ್ಬಿ ಹೆಚ್ಚು ಹೆಚ್ಚು ಎದುರು ಒತ್ತುತ್ತದೆ. ಅರ್ಧ ಮುಳುಗಿದ ಮೇಲೆ ಗಮನಿಸಿ. ಇನ್ನಷ್ಟು ಒತ್ತಲು ಮೊದಲಿನಷ್ಟು ಬಲ ಸೇರಿಸಬೇಕಾಗುವುದಿಲ್ಲ. ಯಾಕೆಂದರೆ ದುಂಡು ಡಬ್ಬಿ ಅಗಲವಾಗಿರುವುದು ಸರಿ ಮಧ್ಯದಲ್ಲಿ. ಅದರ ಮೇಲೆ ಮತ್ತೆ ಕಿರಿದಾಗುತ್ತಾ ಹೋಗುತ್ತದೆ.

ಪಾಂಟೂನ್ ಟ್ಯೂಬೂ ಹಾಗೇ. ಜನ, ಸಾಮಾನು ಎಲ್ಲಾ ಹತ್ತಿದ ಮೇಲೆ ಟ್ಯೂಬು ಅರ್ಧಕ್ಕಿಂತ ಕಡಿಮೆ ಮುಳುಗಿರಬೇಕು. ಅರ್ಧ ದಾಟಿದ್ದರೆ, ಅಲೆ ಬಂದು ಮೂತಿಯನ್ನು ಒತ್ತಿದಾಗ ಅದು ಗಟ್ಟಿಯಾಗಿ ಎದುರು ನಿಲ್ಲುವುದಿಲ್ಲ, ಇಳಿಯುತ್ತಲೇ ಹೋಗುತ್ತದೆ. ಹಳೇ ಹುಟ್ಟು ಅವರಿಗೆ ಆಗಿದ್ದು ಇದೇ ಇರಬೇಕು.

ನಿಮ್ಮ ಮೂರು ಬೋಟಿಗೆ ಅಂದಾಜು ಲೆಕ್ಕ ಹಾಕಿದೆ. ಏಳು ಜನ, ಸಾಮಾನು ಸೇರಿ 600 ಕೆಜಿ ಅಂತ ಹಿಡಿದೆ. ಮೋಟಾರು, ತುಂಬಿದ ಟ್ಯಾಂಕು ಸೇರಿ ಬೋಟಿನ ತೂಕ 20 ಅಡಿಯದಕ್ಕೆ 1,100 ಕೆಜಿ, 22 ಅಡಿಯದಕ್ಕೆ 1,250, ಟ್ರೈಟೂನಿಗೆ 1,600 ಅಂದುಕೊಂಡೆ. ಟ್ಯೂಬಿನ ಚೂಪು ಮೂತಿಗೆ ಸ್ವಲ್ಪ ಕಳೆದೆ. 20 ಅಡಿಯದ್ದರಲ್ಲಿ ಟ್ಯೂಬಿನ 55 ಶೇಕಡಾ ನೀರಿನೊಳಗೆ. 22 ಅಡಿಯದ್ದರಲ್ಲಿ 46. 24 ಅಡಿ ಟ್ರೈಟೂನಿನಲ್ಲಿ 34. ನಿಮ್ಮ ಬೋಟುಗಳ ನಿಜವಾದ ತೂಕ ಸಿಕ್ಕರೆ ಹಾಕಿ, ಮತ್ತೆ ಲೆಕ್ಕ ಮಾಡಿ ಕೊಡುತ್ತೇನೆ.

ಎರಡೇ ಸಾಕು:
ನಾವು ಸಾಮಾನ್ಯವಾಗಿ ನಾಲ್ಕೇ ಜನ ಹೋಗುವುದು. ಅದನ್ನು ಮೊದಲೇ ಹೇಳಬೇಕಿತ್ತು, ನನ್ನ ತಪ್ಪು. ಏಳು ಜನ ಅಂದರೆ 20 ಅಡಿಯದ್ದು ಬೇಡ, ಒಪ್ಪಿದೆ.

ಅಲೆಮಾರಿ:
ನಾನು ಒಂದೇ ಸಾಲಿನಲ್ಲಿ ಹೇಳಿದ್ದನ್ನು ನೀವು ಬಕೆಟ್ ಹಿಡಿದು ಹೇಳಿದಿರಿ 😄

ಬಕೆಟ್ ವಿಜ್ಞಾನಿ:
ಪೂರ್ತಿ ಅಲ್ಲ ಗುರುವೇ. ನೀವು 24 ಅಡಿ ಅಂದಿರಿ. ಆ 24ರ ಬಗ್ಗೆ ನನಗೆ ತಕರಾರಿದೆ.

ಉದ್ದ ಸಹಾಯ ಮಾಡುವುದು ಅಲೆಯಿಂದ ಅಲೆಗೆ ಎಷ್ಟು ದೂರ ಎನ್ನುವುದರ ಮೇಲೆ. ಬೋಟು ಅಲೆಯ ಅಂತರಕ್ಕಿಂತ ಉದ್ದ ಇದ್ದರೆ ಎರಡು ಅಲೆಗಳ ನೆತ್ತಿ ಮೇಲೆ ಸೇತುವೆ ಹಾಗೆ ಕೂರುತ್ತದೆ, ಹಾಯಾಗಿ ಹೋಗುತ್ತದೆ. ಗಿಡ್ಡ ಇದ್ದರೆ ಪ್ರತಿ ತಗ್ಗಿಗೂ ಮೂತಿ ಇಳಿಸುತ್ತದೆ.

ಈ ಅಂತರ ಅಳೆಯಲು ಯಂತ್ರ ಬೇಡ. ಗಾಳಿ ಬೀಸುವಾಗ ದಡದಲ್ಲಿ ನಿಂತು, ನೀರಿನಲ್ಲಿ ನೆಟ್ಟ ಒಂದು ಕಂಬ ನೋಡಿ. ಹತ್ತು ಅಲೆ ಅದನ್ನು ದಾಟಲು ಎಷ್ಟು ಸೆಕೆಂಡು ಬೇಕು ಎಣಿಸಿ, ಹತ್ತರಿಂದ ಭಾಗಿಸಿ. ಬಂದ ಸಂಖ್ಯೆಯನ್ನು ಅದರಿಂದಲೇ ಗುಣಿಸಿ, ಮತ್ತೆ 1.56ರಿಂದ ಗುಣಿಸಿ. ಅದೇ ಮೀಟರ್ ಲೆಕ್ಕದಲ್ಲಿ ಅಲೆಯ ಅಂತರ, ಕಂಬದ ಹತ್ತಿರ ನೀರು ಆಳ ಇದ್ದರೆ ಸಾಕು. ಎರಡು ಸೆಕೆಂಡಿಗೆ ಒಂದು ಅಲೆ ಅಂದರೆ ಸುಮಾರು 6 ಮೀಟರ್. ಎರಡೂವರೆ ಸೆಕೆಂಡಾದರೆ 10 ಮೀಟರ್ ಹತ್ತಿರ.

ನಿಮ್ಮ ಕೆರೆ 9 ಕಿಲೋಮೀಟರ್. ಗಂಟೆಗೆ 30 ಕಿಲೋಮೀಟರ್ ಗಾಳಿ ಉದ್ದಕ್ಕೆ ಬೀಸಿದರೆ, ಆ ಕೊನೆಯಲ್ಲಿ ಸುಮಾರು 40 ಸೆಂಟಿಮೀಟರ್ ಎತ್ತರದ ಅಲೆ, ಎರಡೂವರೆ ಸೆಕೆಂಡಿಗೊಂದು ಬರುತ್ತದೆ. ಅಂದರೆ ಅಂತರ 10 ಮೀಟರ್. 24 ಅಡಿ ಅಂದರೆ 7.3 ಮೀಟರ್. ಅದೂ ಸೇತುವೆ ಆಗುವುದಿಲ್ಲ! ಕೆರೆಯ ಮಧ್ಯದಲ್ಲಿ, ಅಲೆ ಇನ್ನೂ ಚಿಕ್ಕದಿರುವಾಗ ಮಾತ್ರ ಉದ್ದದ ಲಾಭ. ದೊಡ್ಡ ಅಲೆಯ ಕಡೆ ಉಳಿಸುವುದು ತೇಲುವ ಶಕ್ತಿ, ಮೋಟಾರಿನ ಬಲ, ಮತ್ತೆ ಜನ ಎಲ್ಲಿ ಕೂತಿದ್ದಾರೆ ಎನ್ನುವುದು.

ನೀರುಕೋಳಿ:
ನಿನ್ನೆ ಹೋಗಿ ಎಣಿಸಿದೆ. ಹತ್ತು ಅಲೆಗೆ 24 ಸೆಕೆಂಡು. ಪಕ್ಕದಲ್ಲಿ ಮೀನು ಹಿಡಿಯುತ್ತಿದ್ದವರು ನನ್ನನ್ನು ವಿಚಿತ್ರವಾಗಿ ನೋಡಿದರು.

ಬಕೆಟ್ ವಿಜ್ಞಾನಿ:
ಸುಮಾರು 9 ಮೀಟರ್. ಲೆಕ್ಕಕ್ಕೆ ಹತ್ತಿರ ಬಂತು.

ಗ್ಯಾರೇಜ್ ಮಾವ:
ನಾನು ಬೋಟು ರಿಪೇರಿ ಮಾಡುವವನು. ತೇಲುವ ಲೆಕ್ಕ ಇವರು ಹೇಳಿದ್ದಾರೆ. ನಾನು ಕೆಳಗೆ ಮಲಗಿ ನೋಡುವವನ ಮಾತು ಹೇಳುತ್ತೇನೆ.

ಮೊದಲನೆಯದು, ಬೋಟಿನ ಉದ್ದ ಬೇರೆ, ಟ್ಯೂಬಿನ ಉದ್ದ ಬೇರೆ. ಕೆಲವರು ಡೆಕ್ಕನ್ನು ಮುಂದೆ ಹಿಂದೆ ಚಾಚಿ ಉದ್ದ ತೋರಿಸುತ್ತಾರೆ. ನೀವು ಟೇಪು ಹಿಡಿದು ಟ್ಯೂಬನ್ನೇ ಅಳೆಯಿರಿ. ಟ್ರೈಟೂನಿನಲ್ಲಿ ಮಧ್ಯದ ಟ್ಯೂಬು ಪೂರ್ತಿ ಇದೆಯಾ, ಮುಕ್ಕಾಲು ಇದೆಯಾ ಅಂತಲೂ ನೋಡಿ. ಮುಂದಿನವರೆಗೂ ಬರದಿದ್ದರೆ ಮೂತಿಗೆ ಅದರಿಂದ ಲಾಭ ಕಡಿಮೆ.

ಎರಡನೆಯದು, ಡೆಕ್ಕಿನ ಕೆಳಗೆ ಟ್ಯೂಬಿನಿಂದ ಟ್ಯೂಬಿಗೆ ಹಾಕಿರುವ ಅಡ್ಡಪಟ್ಟಿಗಳು. ಕೆಲವರು 16 ಇಂಚಿಗೆ ಒಂದು ಕೊಡುತ್ತಾರೆ, ಕೆಲವರು 24 ಇಂಚಿಗೆ ಒಂದು. ಅಲೆಯಲ್ಲಿ ಎರಡು ಟ್ಯೂಬೂ ಒಟ್ಟಿಗೆ ಏಳುವುದಿಲ್ಲ. ಎಡದ್ದು ಏಳುವಾಗ ಬಲದ್ದು ಇಳಿಯುತ್ತದೆ. ಬೋಟು ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚುತ್ತದೆ. ಆ ತಿರುಚೆಲ್ಲಾ ಹೊರುವುದು ಈ ಪಟ್ಟಿಗಳು ಮತ್ತು ಬೋಲ್ಟುಗಳು. ನನ್ನ ಹತ್ತಿರ ಬರುವ ಒರಟು ನೀರಿನ ಬೋಟುಗಳಲ್ಲಿ ಮೊದಲು ಸಡಿಲ ಆಗಿರುವುದು ಡೆಕ್ಕಿನ ಬೋಲ್ಟು, ಆಮೇಲೆ ಬೇಲಿಯ ಸ್ಕ್ರೂ. ಹಳೇ ಬೋಟು ಕೊಳ್ಳುವುದಾದರೆ ಕೆಳಗೆ ನುಗ್ಗಿ, ಟ್ಯೂಬಿಗೆ ಪಟ್ಟಿ ಕೂರಿಸಿದ ಬ್ರ್ಯಾಕೆಟ್ಟಿನ ವೆಲ್ಡಿಂಗ್ ಮೇಲೆ ಬೆರಳಾಡಿಸಿ. ಕೂದಲೆಳೆಯಷ್ಟು ಬಿರುಕು ಕಣ್ಣಿಗಿಂತ ಮೊದಲು ಉಗುರಿಗೆ ಸಿಗುತ್ತದೆ.

ಮೂರನೆಯದು, ಕೆಳಗಿನ ತಗಡು. ಡೆಕ್ಕಿನ ತಳಕ್ಕೆ ಅಲ್ಯೂಮಿನಿಯಂ ಶೀಟು ಹೊಡೆದಿರುತ್ತಾರೆ. ಅದಿಲ್ಲದಿದ್ದರೆ ಅಲೆಯ ನೀರು ಪ್ರತಿ ಅಡ್ಡಪಟ್ಟಿಗೂ ಗುದ್ದುತ್ತದೆ. ವೇಗ ತಿನ್ನುತ್ತದೆ, ಜನರಿಗೆ ನೀರು ಎರಚುತ್ತದೆ, ಸದ್ದು ಬೇರೆ. ನಿಮ್ಮ ಕೆರೆಗೆ ಅದು ಬೇಕೇ ಬೇಕು. ರಿಪೇರಿ ಮಾಡುವ ನನಗೆ ಮಾತ್ರ ಶಾಪ, ಬಿರುಕು ನೋಡಲು ಪೂರ್ತಿ ಬಿಚ್ಚಬೇಕು.

ಟ್ಯೂಬಿನ ಪಕ್ಕದಲ್ಲಿ ರೆಕ್ಕೆ ಹಾಗೆ ಉದ್ದಕ್ಕೆ ವೆಲ್ಡ್ ಮಾಡಿದ ಪಟ್ಟಿಗಳಿದ್ದರೆ ಇನ್ನೂ ಒಳ್ಳೆಯದು. ವೇಗದಲ್ಲಿ ಬೋಟನ್ನು ಮೇಲಕ್ಕೆತ್ತುತ್ತವೆ.

ಹಳೇ ಹುಟ್ಟು:
ಮಾವ ಹೇಳಿದ ತಿರುಚುವ ಮಾತು ನೂರಕ್ಕೆ ನೂರು ನಿಜ. ನನ್ನ ಬೋಟಿನ ಗೇಟು ಅಲೆ ದಿನಗಳಲ್ಲಿ ತಾನೇ ತೆರೆದುಕೊಳ್ಳುತ್ತಿತ್ತು. ಚಿಲಕ ಕೆಟ್ಟಿದೆ ಅಂತ ಮೂರು ಸಲ ಬದಲಾಯಿಸಿದೆ. ಚಿಲಕ ಸರಿಯಾಗೇ ಇತ್ತು, ಬೋಟೇ ಸೊಟ್ಟ ಆಗುತ್ತಿತ್ತು.

ಅಂದಹಾಗೆ, ಈ ಬೋಟು ಹುಟ್ಟಿದ್ದೇ ಶಾಂತ ನೀರಿಗೆ. 1950ರ ದಶಕದ ಆರಂಭದಲ್ಲಿ ಅಮೆರಿಕದ ಮಿನ್ನೆಸೋಟಾದ ರೈತ ಆಂಬ್ರೋಸ್ ವೀರ್ಸ್ ಉಕ್ಕಿನ ಡ್ರಮ್ಮುಗಳನ್ನು ಸಾಲಾಗಿ ಬೆಸೆದು, ಮೇಲೆ ಮರದ ಹಲಗೆ ಹಾಕಿ ಕೆರೆಗೆ ಬಿಟ್ಟ. ಆರಾಮಾಗಿ ಕೂತು ತೇಲುವ ಜಗುಲಿ ಅದು. ನಾವು ಈಗ ಜಗುಲಿಯನ್ನೇ ಅಲೆಗೆ ತಗೊಂಡು ಹೋಗುತ್ತಿದ್ದೇವೆ.

ತೆಪ್ಪದ ತಂಗಿ:
ಯುರೋಪಿನ ನಿಯಮದಂತೆ ಮಾಡಿದ ಬೋಟಾದರೆ ಅದರ ಫಲಕದ ಮೇಲೆ ಒಂದು ಅಕ್ಷರ ಇರುತ್ತದೆ, ನೋಡಿ. ಡಿ ಅಂದರೆ ಬ್ಯೂಫರ್ಟ್ (ಗಾಳಿಯ ಜೋರು ಅಳೆಯುವ ಮಾಪಕ) 4ರ ಗಾಳಿ, 0.3 ಮೀಟರ್ ಅಲೆ, ಅಪರೂಪಕ್ಕೆ 0.5. ಸಿ ಅಂದರೆ ಬ್ಯೂಫರ್ಟ್ 6, 2 ಮೀಟರ್ ಅಲೆಯವರೆಗೆ. ಕೆಲವು ಬೋಟುಗಳಿಗೆ ಎರಡೂ ಇರುತ್ತವೆ. ಸಿ ಲೆಕ್ಕದಲ್ಲಿ ಕಡಿಮೆ ಜನ, ಡಿ ಲೆಕ್ಕದಲ್ಲಿ ಜಾಸ್ತಿ ಜನ. ನಿಮ್ಮ 40 ಸೆಂಟಿಮೀಟರ್ ಅಲೆಗೆ ಡಿ ಸಾಲದು. ಹಾಗಂತ ಸಿ ಇದೆ ಎಂದು 2 ಮೀಟರ್ ಅಲೆಗೆ ಪಾಂಟೂನ್ ನುಗ್ಗಿಸಬೇಡಿ. ಅದು ಕಾಗದದ ಮೇಲಿನ ಕೊನೆ ಗೆರೆ.

ನೀರುಕೋಳಿ:
ಫಲಕದಲ್ಲಿ ಜನರ ಸಂಖ್ಯೆ, ತೂಕ ಮಾತ್ರ ನೋಡಿದ್ದೆ. ಅಕ್ಷರದ ಕಡೆ ಗಮನವೇ ಕೊಟ್ಟಿರಲಿಲ್ಲ. ಮೋಟಾರ್ ಬಗ್ಗೆ ಯಾರೂ ಹೇಳಲಿಲ್ಲ. 22 ಅಡಿಯದಕ್ಕೆ 60 ಎಚ್‌ಪಿ ಸಾಕು ಅಂದಿದ್ದಾರೆ.

ಅಲೆಮಾರಿ:
ಶಾಂತ ನೀರಿಗೆ ಸಾಕು. ನಿಮ್ಮ ಕೆರೆಗೆ ಸಾಲದು. ಪಾಂಟೂನ್ ಬೇಲಿ, ಸೋಫಾ, ಮೇಲಿನ ಬಟ್ಟೆ ಛಾವಣಿ ಎಲ್ಲಾ ಸೇರಿ ಹಾಯಿ ಇದ್ದ ಹಾಗೆ. ಎದುರುಗಾಳಿ ಬಂದರೆ ಚಿಕ್ಕ ಮೋಟಾರು ಕೂಗುತ್ತದೆ, ಬೋಟು ಮುಂದೆ ಹೋಗುವುದಿಲ್ಲ. ಮೂತಿ ಎತ್ತಿ ಹಿಡಿಯಲೂ ಬಲ ಬೇಕು. 22 ಅಡಿಗೆ ಎರಡು ಟ್ಯೂಬಾದರೆ ನಾನು 115 ಹಾಕುತ್ತೇನೆ. ಟ್ರೈಟೂನಾದರೆ 150. ಫಲಕದಲ್ಲಿ ಬರೆದ ಮಿತಿಯೊಳಗೆ ಇರಲಿ.

ಗಾಳಿ ಎದ್ದ ತಕ್ಷಣ ಮೊದಲ ಕೆಲಸ ಛಾವಣಿ ಮಡಚೋದು. ಬಿಸಿಲಾದರೂ ಪರವಾಗಿಲ್ಲ.

ಗ್ಯಾರೇಜ್ ಮಾವ:
ಅಲೆಯಲ್ಲಿ ಹಿಂಭಾಗ ಎದ್ದಾಗ ಪ್ರೊಪೆಲ್ಲರ್ ಗಾಳಿ ಎಳೆದುಕೊಂಡು ಸುಮ್ಮನೆ ಗಿರ್ರನೆ ತಿರುಗುತ್ತದೆ. ಮೋಟಾರು ಕೂರಿಸುವಾಗ ಒಂದು ತೂತು ಕೆಳಗೆ ಕೂರಿಸಿದರೆ ಕಡಿಮೆಯಾಗುತ್ತದೆ. ನಾಲ್ಕು ಎಲೆಯ ಪ್ರೊಪೆಲ್ಲರ್ ನೀರನ್ನು ಚೆನ್ನಾಗಿ ಹಿಡಿಯುತ್ತದೆ. ಗರಿಷ್ಠ ವೇಗ ಸ್ವಲ್ಪ ಹೋಗುತ್ತದೆ, ಹೋಗಲಿ ಬಿಡಿ.

ಎರಡೇ ಸಾಕು:
ಓಡಿಸುವುದರ ಬಗ್ಗೆ ನಾನು ಹೇಳುತ್ತೇನೆ, ಅದಕ್ಕಾದರೂ ನನಗೆ ಅವಕಾಶ ಕೊಡಿ.

ಅಲೆಗೆ ನೇರ ಎದೆ ಕೊಡಬೇಡಿ. 30ರಿಂದ 45 ಡಿಗ್ರಿ ಓರೆಯಾಗಿ ಹೋಗಿ. ಒಂದು ಟ್ಯೂಬು ಮೊದಲು ಏರುತ್ತದೆ, ಇನ್ನೊಂದು ಆಮೇಲೆ. ಗುದ್ದು ಎರಡಾಗಿ ಹಂಚಿಹೋಗುತ್ತದೆ. ಪೂರ್ತಿ ಅಡ್ಡ ಮಾತ್ರ ತಿರುಗಬೇಡಿ. ಮೋಟಾರಿನ ಟ್ರಿಮ್ (ಮೋಟಾರು ವಾಲುವ ಕೋನ) ಸ್ವಲ್ಪ ಮೇಲೆ ಮಾಡಿ, ಮೂತಿ ಏಳುತ್ತದೆ. ದೊಡ್ಡ ಅಲೆ ಕಂಡರೆ ಅದು ಬರುವುದಕ್ಕೆ ಮೊದಲೇ ನಿಧಾನ ಮಾಡಿ. ಅಲೆ ಮೂತಿಗೆ ಬಂದಾಗ ಥ್ರಾಟಲ್ ಸ್ವಲ್ಪ ಕೊಟ್ಟಿರಬೇಕು, ಎಳೆಯಬಾರದು. ಹಳೇ ಹುಟ್ಟು ಅವರ ಚಪ್ಪಲಿ ಹೋಗಿದ್ದು ಅಲ್ಲೇ.

ಗಾಳಿ ಹಿಂದಿನಿಂದ ಬರುವಾಗ ಜನ ಆರಾಮಾಗಿರುತ್ತಾರೆ. ನನಗೆ ಅದೇ ಜಾಸ್ತಿ ಭಯ. ಅಲೆಗಿಂತ ಜೋರಾಗಿ ಹೋದರೆ ಅದರ ನೆತ್ತಿಯಿಂದ ಜಾರಿ, ಮುಂದಿನ ಅಲೆಯ ಬೆನ್ನಿಗೆ ಮೂತಿ ಚುಚ್ಚುತ್ತದೆ. ಒಂದು ಅಲೆಯ ಬೆನ್ನ ಮೇಲೆ ಕೂತು ಅದರ ವೇಗದಲ್ಲೇ ಬನ್ನಿ.

ಮತ್ತೆ ಮುಂದಿನ ಸೋಫಾ ಖಾಲಿ. ಎಲ್ಲರೂ ಮಧ್ಯ ಮತ್ತು ಹಿಂದೆ. ಎಲ್ಲರಿಗೂ ಲೈಫ್ ಜಾಕೆಟ್, ಓಡಿಸುವವರ ಕೈಗೆ ಮೋಟಾರ್ ನಿಲ್ಲಿಸುವ ದಾರ. ಇದರಲ್ಲಿ ವಾದ ಇಲ್ಲ.

ನೀರುಕೋಳಿ:
ಮಕ್ಕಳು ಮುಂದಿನ ಸೋಫಾ ಬಿಟ್ಟುಕೊಡೋದು ಕಷ್ಟ. ನೋಡೋಣ.

ಮುಂದಿನ ವಾರ ಬೋಟು ಓಡಿಸಿ ನೋಡಲು ಕರೆದಿದ್ದಾರೆ. ಬೆಳಿಗ್ಗೆ ಎಂಟಕ್ಕೆ ಬನ್ನಿ ಅಂದರು.

ಹಳೇ ಹುಟ್ಟು:
ಎಂಟಕ್ಕೆ ಯಾಕೆ ಕರೆದರು ಗೊತ್ತಾಯಿತಲ್ಲ? ಮೂರು ಗಂಟೆಗೆ ಬರುತ್ತೇನೆ ಅನ್ನಿ. ಏಳು ಜನರನ್ನೂ ಕರೆದುಕೊಂಡು ಹೋಗಿ.

ನೀರುಕೋಳಿ:
ಹತ್ತು ದಿನ ಆದ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ.

ಮೂರು ಗಂಟೆ ಅಂದಾಗ ಅವರ ಮುಖ ಸ್ವಲ್ಪ ಸಣ್ಣಗಾಯಿತು. ಆದರೂ ಒಪ್ಪಿದರು. ಮೊದಲು 22 ಅಡಿ, ಎರಡು ಟ್ಯೂಬಿನದು. ಐದು ಜನ ಇದ್ದಾಗ ಚೆನ್ನಾಗೇ ಹೋಯಿತು. ಏಳು ಜನ ಹತ್ತಿದ ಮೇಲೆ, ಓರೆಯಾಗಿ ಹೋದರೂ ಮೂತಿ ಒಂದೊಂದು ಸಲ ನೀರನ್ನು ಸವರಿಕೊಂಡು ಬಂತು. ಡೆಕ್ಕಿನ ಅಂಚಿನಲ್ಲಿ ನೊರೆ ಕೂತಿತು. ಅಪ್ಪ ಏನೂ ಮಾತಾಡಲಿಲ್ಲ, ಆದರೆ ಎರಡೂ ಕೈಯಲ್ಲಿ ಕಂಬಿ ಹಿಡಿದಿದ್ದರು. 24 ಅಡಿ ಟ್ರೈಟೂನ್ ಅದೇ ಅಲೆಗೆ ಸಲೀಸಾಗಿ ಹೋಯಿತು. ಅಪ್ಪ ಕಂಬಿ ಬಿಟ್ಟರು. ಆದರೆ ಅದನ್ನು ಟ್ರೈಲರಿಗೆ ಹತ್ತಿಸುವಾಗ ನನಗೆ ಬೆವರು ಬಂತು. ಗಾಳಿ ಅದನ್ನು ಪಕ್ಕಕ್ಕೆ ತಳ್ಳುತ್ತಿತ್ತು, ಇಬ್ಬರು ಹಗ್ಗ ಹಿಡಿಯಬೇಕಾಯಿತು.

ಆಗ ಬಕೆಟ್ ವಿಜ್ಞಾನಿಗಳ ತಕರಾರು ನೆನಪಾಯಿತು. 22 ಅಡಿಯಲ್ಲೇ ಟ್ರೈಟೂನ್ ಇದೆಯಾ ಅಂತ ಕೇಳಿದೆ. ಇತ್ತು! ಮೂರೂ ಟ್ಯೂಬು 25 ಇಂಚು, ಮಧ್ಯದ್ದೂ ಪೂರ್ತಿ ಉದ್ದ (ಟೇಪು ಹಿಡಿದು ಅಳೆದೆ ಮಾವ), ಕೆಳಗೆ ತಗಡು, 150 ಎಚ್‌ಪಿ. ಅದನ್ನೇ ತಗೊಂಡೆವು.

ಬಕೆಟ್ ವಿಜ್ಞಾನಿ:
ತೂಕ ಎಷ್ಟು?

ನೀರುಕೋಳಿ:
ಮೋಟಾರು, ಪೆಟ್ರೋಲು ಸೇರಿ 1,450 ಕೆಜಿ ಹತ್ತಿರ.

ಬಕೆಟ್ ವಿಜ್ಞಾನಿ:
ಹಾಗಾದರೆ ಇದೂ ಏಳು ಜನಕ್ಕೆ 34 ಶೇಕಡಾ. 24 ಅಡಿಯದ್ದರಷ್ಟೇ. ಟ್ಯೂಬಿನ ತಳದಿಂದ ನೀರಿನ ಗೆರೆ 9.3 ಇಂಚಿಗೆ ಬರಬೇಕು. ಎಲ್ಲರೂ ಹತ್ತಿದಾಗ ಅಳೆದು ಹೇಳುತ್ತೀರಾ? ನನ್ನ ಮರ್ಯಾದೆ ಪ್ರಶ್ನೆ.

ನೀರುಕೋಳಿ:
ಅಳೆದೆ. ಟ್ಯೂಬಿನ ಮೇಲೆ ಬಣ್ಣದ ಟೇಪು ಅಂಟಿಸಿ, ಏಳು ಜನ ಹತ್ತಿದ ಮೇಲೆ ನಾದಿನಿ ನೀರಿಗಿಳಿದು ನೋಡಿದಳು. ಮುಂದೆ 8 ಇಂಚು, ಹಿಂದೆ 11.

ಬಕೆಟ್ ವಿಜ್ಞಾನಿ:
ಸರಾಸರಿ ಒಂಬತ್ತೂವರೆ. ಒಂದು ನಿಮಿಷ, ನಾದಿನಿ ನೀರಿನಲ್ಲಿದ್ದರೆ ಬೋಟಿನಲ್ಲಿ ಆರೇ ಜನ ಅಲ್ವಾ?

ನೀರುಕೋಳಿ:
ಇಲ್ಲ ಇಲ್ಲ, ನಾದಿನಿ ಎಂಟನೆಯವಳು. ಈಗ ಅವಳೂ ಬರುತ್ತೇನೆ ಅನ್ನುತ್ತಿದ್ದಾಳೆ.